ಆಹಾರದಾನವೂ ಶಾಸ್ತ್ರದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ನಾವು ಬೇರೆಬೇರೆಯಾಗಿ ಎಣಿಸುತ್ತೇವೆ. ಆದರೆ ಮಗುವಿನ ವಿಷಯದಲ್ಲಿ ಆಹಾರದಾನವಿಲ್ಲದೆ ಶಾಸ್ತ್ರದಾನವು ನೆಲೆಗೊಳ್ಳದು. ಯಾದಗಿರಿಯ ಗಂಜಿನಲ್ಲಿ ತೊಗರಿಯ ವ್ಯಾಪಾರಿಯಾದ ನಾನು, ಬರಿಯ ಚಹಾ ಕುಡಿದು ಶಾಲೆಗೆ ಹೊರಡುವ ಹಮಾಲರ ಮಕ್ಕಳನ್ನು ನಿತ್ಯವೂ ಕಾಣುತ್ತೇನೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಉಂಟಾದರೆ ಏಕಾಗ್ರತೆ ಕುಂದುತ್ತದೆ. ಪಾಠವು ತಲೆಗೆ ಹತ್ತದು.

2021ರ ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿದಂತೆ ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆಯನ್ನೂ, ಅದನ್ನೊಲ್ಲದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ ನಮ್ಮವರು ನೊಂದುಕೊಂಡರು. ಮೊಟ್ಟೆಯು ನಮಗೆ ವರ್ಜ್ಯವೆಂಬುದು ನಿಸ್ಸಂದೇಹ. ಆದರೆ ಯಾದಗಿರಿಯ ಮಕ್ಕಳ ತೂಕವು, ಮೊಟ್ಟೆ ಪಡೆಯದ ಗದಗಿನ ಮಕ್ಕಳಿಗಿಂತ ಹೆಚ್ಚಾಗಿ ಏರಿತೆಂದು 2022ರ ಅಧ್ಯಯನವು ತೋರಿಸಿತು. ಲೆಕ್ಕವನ್ನು ವ್ಯಾಪಾರಿಯು ಅಲ್ಲಗಳೆಯಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದ್ದರೆ, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಮಾತ್ರ.

ಹಾಗಾದರೆ ನಮ್ಮ ಕರ್ತವ್ಯವೇನು? ಪರರ ತಟ್ಟೆಯಿಂದ ಕಸಿಯುವುದು ಅಹಿಂಸೆಯಲ್ಲ, ಹಸಿವೂ ಹಿಂಸೆಯೇ. 25 ಗ್ರಾಂ ಶೇಂಗಾ ಒಂದು ಮೊಟ್ಟೆಯಷ್ಟೇ ಪ್ರೋಟೀನು ಕೊಡುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಲ್ಲಿ ಮೊಟ್ಟೆಯನ್ನೊಲ್ಲದ ಮಕ್ಕಳಿಗೆ ಶೇಂಗಾ, ಪುಟಾಣಿ, ಬೆಲ್ಲಗಳನ್ನು ನಮ್ಮ ಮಂದಿರದ ಟ್ರಸ್ಟುಗಳು ಏಕೆ ಒದಗಿಸಬಾರದು? ಪ್ರತಿಭಟನೆಯ ಪತ್ರಕ್ಕಿಂತ ಒಂದು ಚೀಲ ಶೇಂಗಾ ಅಹಿಂಸೆಯನ್ನು ಚೆನ್ನಾಗಿ ಬೋಧಿಸೀತು. ಧರ್ಮಬಂಧುಗಳು ವಿಚಾರಿಸಬೇಕು.