ನಾನು ಒರೆಸಿ ಹಾಕಿದ ಎಣ್ಣೆ

1/5
ಫೋಟೋದಲ್ಲಿ ಇರೋದು ನಮ್ಮ ಮನೆ ಜೀಪಿನ ಹಿಂದಿನ ಎಡ ಚಕ್ರ. ಒಳಬದಿಯಲ್ಲಿ ಕಪ್ಪಗೆ ಹೊಳೀತಾ ಉಂಟಲ್ಲ, ಅದು ಎಣ್ಣೆ. ಈ ಫೋಟೋ ತೆಗೆಯೋ ಹಿಂದಿನ ಒಂದು ವಾರ ದಿನಾ ಬೆಳಿಗ್ಗೆ, ಕಾಲೇಜಿಗೆ ಹೊರಡೋ ಮೊದಲು, ನಾನು ಅದನ್ನು ಒರೆಸ್ತಿದ್ದೆ. ಯಾರೂ ನೋಡಬಾರದು ಅಂತ.

2024ರ ಮಹಾಮಸ್ತಕಾಭಿಷೇಕಕ್ಕೆ ಬಂದಿದ್ದರೆ ನೀವು ನೋಡಿದ ವೇಣೂರು ಡಾಂಬರು ರಸ್ತೆ, ಬಾಹುಬಲಿ ಮೂರ್ತಿ, ಫಲ್ಗುಣಿ ಹೊಳೆ. ನಮ್ಮ ಮನೆ ಅಲ್ಲಿಂದ ಒಳಗೆ. ಕೊನೇ ಎರಡು ಕಿಲೋಮೀಟರ್ ಮುರಕಲ್ಲಿನ ಮಣ್ಣು ರಸ್ತೆ, ನಡುವೆ ಒಂದು ತೋಡು. ಅಡಿಕೆ, ಗೊಬ್ಬರ, ಗ್ಯಾಸ್ ಸಿಲಿಂಡರ್, ಅಜ್ಜಿ, ಎಲ್ಲ ಬರೋದು ಈ 1998 ಮಾಡೆಲ್ ಜೀಪಲ್ಲೇ. ಅಪ್ಪನಿಗೆ ಅದು ಅಂದ್ರೆ ಜೀವ. ಅಮ್ಮನಿಗೆ ಆಗೋದೇ ಇಲ್ಲ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡ್ಬೇಕಲ್ಲ, ಆ ಫೀಸು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2023ರಲ್ಲಿ ನಮ್ಮ ಸರದಿ. ಅವತ್ತು ಅಮ್ಮ ಹೇಳಿದ್ದು ಒಂದೇ ಮಾತು: "ಇನ್ನೊಂದು ರಿಪೇರಿ ಬರ್ಲಿ, ಗುಜರಿಗೆ ಕೊಡುವ."

ಆ ಇನ್ನೊಂದು ರಿಪೇರಿ ಬಂದದ್ದು ಮೊದಲು ನನ್ನ ಕಣ್ಣಿಗೆ.

2/5
ಎರಡನೇ ಫೋಟೋ, ಶಾಕ್ ಅಬ್ಸಾರ್ಬರ್. ನಮ್ಮಲ್ಲಿ ಎಲ್ಲರ ಬಾಯಲ್ಲೂ ಶಾಕಬ್ಸರ್.

ಒಂದು ವಿಷಯ ಸರಿ ಮಾಡ್ಕೊಳ್ಳುವ. ಜೀಪಿನ ಭಾರ ಹೊರೋದು ಇದಲ್ಲ. ಭಾರ ಹೊರೋದು ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿದ ಪ್ಲೇಟ್ ಸ್ಪ್ರಿಂಗು. ಹೊಂಡಕ್ಕೆ ಇಳಿದು ಎದ್ದ ಮೇಲೆ ಸ್ಪ್ರಿಂಗು ಸುಮ್ಮನಿರಲ್ಲ, ಮೇಲೆ ಕೆಳಗೆ ಕುಣೀತಾನೇ ಇರ್ತದೆ. ಆ ಕುಣಿತ ನಿಲ್ಲಿಸೋದು ಶಾಕಬ್ಸರಿನ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ಸಣ್ಣ ತೂತು ಇರೋ ಪಿಸ್ಟನ್. ಚಕ್ರ ಎದ್ದಾಗ ಬಿದ್ದಾಗ ಎಣ್ಣೆ ಆ ತೂತಿನಲ್ಲಿ ಕಷ್ಟಪಟ್ಟು ದಾಟಬೇಕು. ಆ ಕಷ್ಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಹೋಗ್ತದೆ. ಮಣ್ಣು ರಸ್ತೆಯಲ್ಲಿ ಓಡಿಸಿ ಬಂದು ಮುಟ್ಟಿ ನೋಡಿ, ಬಿಸಿ ಇರ್ತದೆ. ತಣ್ಣಗಿದ್ರೆ ಅದು ಕೆಲಸ ಮಾಡ್ತಾ ಇಲ್ಲ ಅಂತ ಲೆಕ್ಕ.

ಟೊಯೊಟಾ ಲ್ಯಾಂಡ್ ಕ್ರೂಸರ್ 100, ಲೆಕ್ಸಸ್ ಎಲ್‌ಎಕ್ಸ್ 470 ಅಂತ ದೊಡ್ಡ ಗಾಡಿಗಳಲ್ಲಿ ಎಣ್ಣೆ ಪಂಪ್ ಮಾಡಿ ಗಾಡಿಯ ಎತ್ತರವನ್ನೇ ಏರಿಸೋ ಇಳಿಸೋ ವ್ಯವಸ್ಥೆ ಉಂಟು. ಅಲ್ಲಿ ಎಣ್ಣೆ ಸೋರಿದ್ರೆ ಗಾಡಿ ಕೂತೇ ಬಿಡಬಹುದು, ಮನೆಯವರಿಗೆಲ್ಲ ಗೊತ್ತಾಗ್ತದೆ. ನಮ್ಮ ಜೀಪು ಹಾಗಲ್ಲ. ಶಾಕಬ್ಸರ್ ಪೂರಾ ಒಣಗಿದ್ರೂ ಪ್ಲೇಟಿನ ಮೇಲೆ ನೆಟ್ಟಗೆ ನಿಂತಿರ್ತದೆ. ಅದಕ್ಕೇ ಮುಚ್ಚಿಡೋದು ಸುಲಭ.

ಸೋರೋದು ಯಾಕೆ ಅಂದ್ರೆ, ರಾಡ್ ಹೊರಗೆ ಬರೋ ಬಾಯಲ್ಲಿ ಒಂದು ರಬ್ಬರ್ ಸೀಲ್ ಉಂಟು. ನಮ್ಮ ಮಳೆಗೆ ರಾಡಿಗೆ ತುಕ್ಕು, ಮುರಕಲ್ಲಿನ ಧೂಳು ಮರಳಿನ ಹಾಗೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಸೀಲ್ ಹರೀತದೆ. ನಾನು ಬಂಪರ್ ಹತ್ತಿರ ಭಾರ ಹಾಕಿ ಒತ್ತಿ ಬಿಟ್ಟೆ. ಒಂದು ಸಲ ಎದ್ದು ನಿಲ್ಲಬೇಕಿತ್ತು. ಮೂರು ನಾಲ್ಕು ಸಲ ಕುಣೀತು. ಅಷ್ಟೇ, ಶಾಕಬ್ಸರ್ ಸತ್ತಿದೆ, ಸೋರೋದು ಅದೇ ಅಂತ ನಾನೇ ತೀರ್ಪು ಕೊಟ್ಟೆ. ಇದರಿಂದ ಯಾರೂ ಸಾಯಲ್ಲ, ಅಡಿಕೆ ಮಾರಿದ ಮೇಲೆ ಅಪ್ಪನಿಗೆ ಮೆತ್ತಗೆ ಹೇಳುವ ಅಂದ್ಕೊಂಡೆ.

3/5
ಮೂರನೇ ಫೋಟೋ ಒಂದು ಬೈರಾಸು. ನಗ್ಬೇಡಿ.

ಆ ಭಾನುವಾರ ಅಜ್ಜಿಯನ್ನು ಕರ್ಕೊಂಡು ಕೊಟ್ಟಿಗೆಹಾರದ ಹತ್ತಿರ ಅತ್ತೆ ಮನೆಗೆ ಹೋಗೋದು ಅಂತ ಇತ್ತು. ಅಂದ್ರೆ ಚಾರ್ಮಾಡಿ ಘಾಟಿ ಹತ್ತಬೇಕು, ಸಂಜೆ ಅದೇ ತಿರುವುಗಳಲ್ಲಿ ಇಳೀಬೇಕು. ಅಮ್ಮ, ಅಜ್ಜಿ ಹಿಂದಿನ ಸೀಟಲ್ಲಿ.

ಶುಕ್ರವಾರ ಅಮ್ಮ ಬಟ್ಟೆ ಒಗೆಯೋವಾಗ ನನ್ನ ಬೈರಾಸು ಸಿಕ್ಕಿತು. "ಇದೆಂತದು ಮಗಾ, ಎಣ್ಣೆ?" ಸುಳ್ಳು ಹೇಳೋಕೆ ನೋಡಿದೆ, ಬಾಯಿ ಬರ್ಲಿಲ್ಲ. ಹಿಂದಿನ ಚಕ್ರದ್ದು, ಒಂದು ವಾರದಿಂದ ಒರೆಸ್ತಾ ಇದ್ದೇನೆ ಅಂತ ಹೇಳಿದೆ.

ಚಾ ಕುಡೀತಾ ಕೂತಿದ್ದ ಅಪ್ಪ ಗ್ಲಾಸು ಕೆಳಗಿಟ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಕೇಳಿದ್ದು ಇಷ್ಟೇ: "ಯಾವ ಚಕ್ರ?"

ಆಮೇಲೆ ಅಪ್ಪ ಹೇಳಿದ್ದು ಕೇಳಿ ನಮ್ಮ ಮಂಡೆ ಬಿಸಿಯಾಯ್ತು. ಎರಡು ವಾರದಲ್ಲಿ ಅಪ್ಪ ಬ್ರೇಕ್ ಆಯಿಲ್ ಡಬ್ಬಿಗೆ ಮೂರು ಸಲ ಆಯಿಲ್ ಸುರಿದಿದ್ದಾರೆ. ಪೆಡಲ್ ಸ್ವಲ್ಪ ಮೆತ್ತಗೆ ಹೋಗ್ತಿತ್ತಂತೆ. ಎಲ್ಲಿಂದ ಹೋಗ್ತದೆ ಅಂತ ಬಗ್ಗಿ ನೋಡಿದ್ರೂ ಹೊರಗೆ ಎಲ್ಲೂ ಕಾಣ್ಲಿಲ್ಲ.

ಹೇಗೆ ಕಾಣ್ತದೆ ಹೇಳಿ? ನಾನು ದಿನಾ ಒರೆಸ್ತಾ ಇದ್ದೆ.

ಅಪ್ಪನೂ ಅಮ್ಮನಿಗೆ ಹೇಳಿರ್ಲಿಲ್ಲ. ಕಾರಣ ನನ್ನದೇ. ಒಂದೇ ಮನೆಯಲ್ಲಿ ಇಬ್ಬರು ಒಂದೇ ಜೀಪು ಉಳಿಸೋಕೆ ಅರ್ಧರ್ಧ ಸತ್ಯ ಬಚ್ಚಿಟ್ಟಿದ್ವಿ. ಅಮ್ಮ ಕಿರುಚಲಿಲ್ಲ. "ಅಜ್ಜಿಯನ್ನು ಇದ್ರಲ್ಲಿ ಕೂರಿಸ್ತಿದ್ರಿ" ಅಂತ ಮಾತ್ರ ಹೇಳಿ ಒಳಗೆ ಹೋದ್ರು. ಬೈದಿದ್ರೆ ಆಗ್ತಿತ್ತು ಮಾರ್ರೆ.

4/5
ನಾಲ್ಕನೇ ಫೋಟೋ, ಪ್ಲಾಸ್ಟಿಕ್ ಕಪ್ಪಿನಲ್ಲಿ ನೀರು. ಇದನ್ನು ಸೇವ್ ಮಾಡಿ ಇಟ್ಕೊಳ್ಳಿ.

ಶನಿವಾರ ಗುರುವಾಯನಕೆರೆಯ ಗ್ಯಾರೇಜಿನ ಅಣ್ಣನಿಗೆ ಫೋನ್ ಮಾಡಿದೆವು. ಓಡಿಸಿಕೊಂಡು ಬರ್ಬೇಡಿ, ನಾನೇ ಬರ್ತೇನೆ ಅಂದ್ರು. ಬಂದು ಮೊದಲು ಮಾಡಿದ್ದು ಈ ಪರೀಕ್ಷೆ. ಶಾಕಬ್ಸರಿನ ಮೈಯಿಂದ ಒಂದು ಹನಿ ತೆಗೆದು ನೀರಿಗೆ ಬಿಟ್ರು, ತೇಲಿತು. ಚಕ್ರದ ಡ್ರಮ್ಮಿನ ಹಿಂದಿನ ತಗಡಿನಿಂದ ಒಂದು ಹನಿ ಬೇರೆ ಕಪ್ಪಿಗೆ ಬಿಟ್ರು. ತೇಲಲಿಲ್ಲ, ನೀರಲ್ಲಿ ಸೇರಿ ಹೋಯ್ತು.

ಸೋರ್ತಾ ಇದ್ದದ್ದು ಒಂದಲ್ಲ, ಎರಡು.

ಡಾಟ್ 3, ಡಾಟ್ 4 ಅಂತ ಡಬ್ಬಿ ಮೇಲೆ ಬರೆದಿರೋ ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಆಯಿಲ್. ಅದು ನೀರಲ್ಲಿ ಬೆರೀತದೆ, ತೆಳು, ಪೇಂಟಿಗೆ ಬಿದ್ರೆ ಪೇಂಟ್ ಏಳ್ತದೆ. ಶಾಕಬ್ಸರಿನ ಎಣ್ಣೆ ತೇಲ್ತದೆ. ಹಿಂದಿನ ಆಕ್ಸಲಿನ ಗೇರ್ ಆಯಿಲೂ ತೇಲ್ತದೆ, ಆದ್ರೆ ಅದು ದಪ್ಪ, ಗಂಧಕದ ಹಾಗೆ ಗಾಟು ವಾಸನೆ. ಪರೀಕ್ಷೆ ಮಾಡಿದ ನೀರು ವಿಷ, ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗದ ಹಾಗೆ ಚೆಲ್ಲಿ.

ಡ್ರಮ್ ಬಿಚ್ಚಿದಾಗ ಬ್ರೇಕಿನ ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು, ಬ್ರೇಕ್ ಶೂ ನೆನೆದಿತ್ತು. ನೆನೆದ ಶೂ ಹಿಡಿಯಲ್ಲ. ಆಯಿಲ್ ಕಮ್ಮಿಯಾಗಿ ಪೈಪಿಗೆ ಗಾಳಿ ಹೊಕ್ಕಿದ್ರೆ ಪೆಡಲ್ ತಳ ಮುಟ್ಟಿದ್ರೂ ಗಾಡಿ ನಿಲ್ಲಲ್ಲ. ಅಣ್ಣ ತಲೆ ಎತ್ತದೆ ಹೇಳಿದ್ರು: "ಶಾಕಬ್ಸರ್ ಸೋರಿದ್ರೆ ಸೊಂಟ ಹೋಗ್ತದೆ ಮಾರಾಯ. ಇದು ಸೋರಿದ್ರೆ ಘಾಟಿ ಇಳಿಯೋವಾಗಲೇ ಗೊತ್ತಾಗೋದು."

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಕಣ್ಣು ಮುಚ್ಚಿದ್ರೆ ಚಾರ್ಮಾಡಿಯ ತಿರುವು, ಹಿಂದಿನ ಸೀಟಲ್ಲಿ ಅಜ್ಜಿ.

5/5
ಕೊನೇ ಫೋಟೋ ಬಿಲ್ಲು. ಹಿಂದಿನ ಎರಡೂ ಶಾಕಬ್ಸರ್ ಹೊಸತು. ಒಂದೇ ಹಾಕಿದ್ರೆ ಒಂದು ಬದಿ ಕುಣೀತದೆ, ಒಂದು ಬದಿ ಬಿಗಿ, ಅದಕ್ಕೇ ಜೋಡಿಯಾಗಿ ಹಾಕೋದು. ಎರಡೂ ಬದಿಗೆ ವೀಲ್ ಸಿಲಿಂಡರ್ ಕಿಟ್, ಬ್ರೇಕ್ ಶೂ, ಹೊಸ ಬ್ರೇಕ್ ಆಯಿಲ್, ಗಾಳಿ ತೆಗೆದದ್ದು. ಹಳೇ ಶಾಕಬ್ಸರಿಗೆ ತೂತು ಕೊರೆದು ಎಣ್ಣೆ ತುಂಬಿ ವೆಲ್ಡಿಂಗ್ ಮಾಡಿಸಬಹುದಾ ಅಂತ ಕೇಳಿದೆ. ಹರಿದ ಸೀಲ್ ಹಾಗೇ ಇರ್ತದೆ, ಮತ್ತೆ ಸೋರ್ತದೆ, ಗ್ಯಾಸ್ ತುಂಬಿದ ಜಾತಿಯಾದ್ರೆ ಸಿಡೀಬಹುದು ಅಂತ ಅಣ್ಣ ಬೈದ್ರು.

ಕ್ಲಾಸಿನವರಿಗೆ ಒಂದು ಲೆಕ್ಕ. ಒಂದು ಲಕ್ಷದ ಗಾಡಿಗೆ ವರ್ಷಕ್ಕೆ ಶೇಕಡಾ 15ರಂತೆ ಉಳಿದ ಬೆಲೆಯ ಮೇಲೆ ಡಿಪ್ರಿಸಿಯೇಶನ್ ಹಾಕ್ತಾ ಹೋಗಿ. 27 ವರ್ಷಕ್ಕೆ ಉಳಿಯೋದು ಸುಮಾರು 1,240 ರೂಪಾಯಿ. ಈ ಬಿಲ್ಲು ಅದಕ್ಕಿಂತ ಜಾಸ್ತಿ. ಪುಸ್ತಕದ ಪ್ರಕಾರ ಅಮ್ಮನೇ ಸರಿ. ಆದ್ರೆ ಆಡಿಟಿಂಗ್ ಪೇಪರಿಗೆ ವಿಂಡೋ ಡ್ರೆಸ್ಸಿಂಗ್ ಅಂತ ಓದ್ತೇವಲ್ಲ, ಲೆಕ್ಕ ಚಂದ ಕಾಣ್ಲಿ ಅಂತ ಕೆಟ್ಟದ್ದನ್ನು ಮುಚ್ಚೋದು, ಅದನ್ನು ನಾನು ಒಂದು ಬೈರಾಸಲ್ಲಿ ಮಾಡಿದ್ದೆ.

ಜೀಪು ಇನ್ನೂ ಉಂಟು. ಮಾರೋದಾ ಇಡೋದಾ ಅಂತ ಜಗಳವೂ ಉಂಟು, ಈಗ ಎಲ್ಲರ ಎದುರೇ. ಪ್ರತಿ ಶನಿವಾರ ರಾತ್ರಿ ನಾಲ್ಕು ಚಕ್ರದ ಕೆಳಗೂ ರಟ್ಟು ಹಾಸ್ತೇನೆ. ಭಾನುವಾರ ಬೆಳಿಗ್ಗೆ ಅಮ್ಮನೇ ಮೊದಲು ಬಂದು ನೋಡ್ತಾರೆ.

ನಿಮ್ಮ ಮನೆಯಲ್ಲೂ ಹಳೇ ಜೀಪೋ ಪಿಕಪ್ಪೋ ಇದ್ರೆ, ಚಕ್ರದ ಒಳಬದಿ ಒಮ್ಮೆ ಬಗ್ಗಿ ನೋಡಿ. ಎಣ್ಣೆ ಕಂಡ್ರೆ ಒರೆಸೋ ಮೊದಲು ಒಂದು ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿ.

#ವೇಣೂರು #ಜೀಪು #ಚಾರ್ಮಾಡಿ