11,000 ಅಡಿಯ ಲೆಕ್ಕ

ಎರಡನೇ ಮಹಾಯುದ್ಧದ ಕಾಲದಲ್ಲಿ ಸಿನಿಮಾದ ಕಚ್ಚಾ ಫಿಲ್ಮ್ ನಮ್ಮ ದೇಶಕ್ಕೆ ಹಡಗಿನಲ್ಲಿ ಬರಬೇಕಿತ್ತು. ಆಮದು ಕಡಿಮೆಯಾದಾಗ ಬ್ರಿಟಿಷ್ ಸರ್ಕಾರ, ಒಂದು ಕಥಾಚಿತ್ರ 11,000 ಅಡಿ ಮೀರಬಾರದು ಎಂದು ಕಟ್ಟಳೆ ಮಾಡಿತು. ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ನೇರ ಅನುಪಾತದ ಪಾಠ ಯೋಜನೆ ಬರೆಯುವಾಗ ನಾನು ಆರಿಸಿಕೊಂಡದ್ದು ಈ ಸಂಖ್ಯೆಯನ್ನು. ಪೆನ್ನು, ಪುಸ್ತಕದ ಬೆಲೆಯ ಲೆಕ್ಕಗಳನ್ನು ಮಕ್ಕಳು ಮೊದಲೇ ಸಾಕಷ್ಟು ಮಾಡಿದ್ದರು.

35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಎಂದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. 11,000 ಅಡಿಗೆ ಸುಮಾರು 122 ನಿಮಿಷ. ಕೋಷ್ಟಕವನ್ನು ಮಕ್ಕಳೇ ತುಂಬಿದರು.

ತಿರುಗಿಸಿ ಕೇಳಲು ಇನ್ನೊಂದು ಉದಾಹರಣೆ ಕೊಟ್ಟೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಮಿತಿ ಇದ್ದದ್ದು 90 ನಿಮಿಷ. ಮಾರ್ಸೆಲ್ ಕಾರ್ನೆ 'ಚಿಲ್ಡ್ರನ್ ಆಫ್ ಪ್ಯಾರಡೈಸ್' ಎಂಬ ಹತ್ತೊಂಬತ್ತನೇ ಶತಮಾನದ ಕಥೆಯನ್ನು ಮೂರು ಗಂಟೆಗೂ ಹೆಚ್ಚು ಉದ್ದ ಮಾಡಿ, ಎರಡು ಭಾಗವಾಗಿ ಒಡೆದರು. ಅದರ ರಂಗಸಜ್ಜಿಕೆ ವಿನ್ಯಾಸಕ ಟ್ರೌನರ್, ಸಂಗೀತಗಾರ ಕೊಸ್ಮಾ ಇಬ್ಬರೂ ಯಹೂದಿಗಳು. ಮರೆಯಲ್ಲಿದ್ದೇ ಕೆಲಸ ಮಾಡಿದರು. 90 ನಿಮಿಷಕ್ಕೆ 8,100 ಅಡಿ ಎಂದು ಉತ್ತರ ಬಂತು. ಜೊತೆಗೆ ಒಂದು ಪ್ರಶ್ನೆಯೂ ಬಂತು.

"ಮಿಸ್, ಉದ್ದ ಏನೋ ಅಳೀಬಹುದು. ಕಥೇನ ಹೆಂಗೆ ಅಳೀತಿದ್ರು?"

ಆಗ 'ಸಿಕಂದರ್' ಬಗ್ಗೆ ಹೇಳಿದೆ. 1941ರಲ್ಲಿ ಸೊಹ್ರಾಬ್ ಮೋದಿ ನಿರ್ದೇಶಿಸಿದ ಚಿತ್ರ. ಪೃಥ್ವಿರಾಜ್ ಕಪೂರ್ ಸಿಕಂದರ್, ಮೋದಿಯವರೇ ಪೋರಸ್. ಕ್ರಿ.ಪೂ. 326ರ ಯುದ್ಧದ ಕಥೆಗೆ ಬೊಂಬಾಯಿಯ ಸೆನ್ಸಾರ್ ಒಪ್ಪಿಗೆ ಕೊಟ್ಟಿತು. ಆಮೇಲೆ ಕೆಲವು ದಂಡು ಪ್ರದೇಶಗಳ ಚಿತ್ರಮಂದಿರಗಳಲ್ಲಿ ಅದನ್ನು ತಡೆಯಲಾಯಿತು.

"ಒಂದೇ ಪಿಚ್ಚರ್ ಅಲ್ವಾ ಮಿಸ್? ಊರಲ್ಲಿ ತೋರಿಸಿದ್ರೆ ಪರವಾಗಿಲ್ಲ, ದಂಡಲ್ಲಿ ಯಾಕೆ ಬೇಡ?"

ಉತ್ತರ ಹೇಳದೆ, ಅಲ್ಲಿ ಕೂತು ನೋಡುವವರು ಯಾರು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗ, "ಸಿಪಾಯಿಗಳು" ಎಂದ. ಬಿಯಾಸ್ ನದಿಯ ಹತ್ತಿರ ಅಲೆಕ್ಸಾಂಡರನ ಸೈನ್ಯವೇ ಮುಂದೆ ಹೋಗಲು ಒಪ್ಪದ್ದನ್ನು ಇನ್ನೊಬ್ಬಳು ನೆನಪಿಸಿದಳು. ಚಿತ್ರ ಬಂದ ವರ್ಷ ಭಾರತದ ಸಿಪಾಯಿಗಳು ಬ್ರಿಟಿಷರ ಪರವಾಗಿ ಉತ್ತರ ಆಫ್ರಿಕಾದಲ್ಲಿ ಹೋರಾಡುತ್ತಿದ್ದರು ಎಂದಷ್ಟೇ ನಾನು ಸೇರಿಸಿದೆ. ಉಳಿದದ್ದನ್ನು ಅವರೇ ಜೋಡಿಸಿಕೊಂಡರು. "ಗಣಿಯವರಿಗೆ ತೋರಿಸಿದ್ರೆ?" ಎಂದ ಮತ್ತೊಬ್ಬ. 1930ರಲ್ಲಿ ಬೆರಳಚ್ಚು ಕೊಡಲು ಒಪ್ಪದೆ ಕೆಜಿಎಫ್ ಕಾರ್ಮಿಕರು ಮುಷ್ಕರ ಹೂಡಿದ್ದನ್ನು ಹೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ, ಗಣಿತದ ಉದ್ದೇಶ ಈಡೇರಿದೆ, ಆದರೆ ಮೌಲ್ಯಮಾಪನದ ಸಮಯ ಇತಿಹಾಸಕ್ಕೆ ಹೋಗಿದೆ ಎಂದು ಬರೆದರು. ಸಮಯದ ಮಾತು ನಿಜ. ಆದರೆ ಆ ಚರ್ಚೆ ಪಾಠದ ಹೊರಗಿನದು ಎಂದು ನನಗೆ ಅನ್ನಿಸುವುದಿಲ್ಲ. ನೋಡುವವರು ಬದಲಾದರೆ ಚಿತ್ರದ ಅರ್ಥವೂ ಬದಲಾಗುತ್ತದೆ ಎಂಬುದು ಅಂದಿನ ಅಧಿಕಾರಿಗಳಿಗೆ ಗೊತ್ತಿತ್ತು. ನಾವು ಪ್ರಶಿಕ್ಷಣಾರ್ಥಿಗಳು ಮಾತ್ರ ಒಂದೇ ಪಾಠ ಯೋಜನೆಯನ್ನು ಎರಡು ಶಾಲೆಗೆ ಒಯ್ಯುತ್ತೇವೆ. 'ಪೂರ್ವಜ್ಞಾನ'ದ ಕಲಂನಲ್ಲಿ ಎಲ್ಲರೂ ಒಂದೇ ಸಾಲು ಬರೆಯುತ್ತೇವೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಕನ್ನಡ ಆಡುವ, ಅಜ್ಜಂದಿರು ಗಣಿಗೆ ಇಳಿದಿದ್ದ ಮಕ್ಕಳ ಮುಂದೆ ಆ ಸಾಲು ಸಾಲದು. ಈಗ ನಾನು ಆ ಕಲಂ ಅನ್ನು ಮಕ್ಕಳ ಜೊತೆ ಮಾತಾಡಿದ ಮೇಲೆಯೇ ತುಂಬುತ್ತೇನೆ.

ಮನೆಗೆಲಸವಾಗಿ, ಇಷ್ಟದ ಸಿನಿಮಾವನ್ನು ಅಡಿಗೆ ಬದಲಾಯಿಸಿ ಬನ್ನಿ ಎಂದಿದ್ದೆ. ಊರಿಗೆ ತಕ್ಕಂತೆ ಹೆಚ್ಚಿನವರು ತಂದದ್ದು 'ಕೆಜಿಎಫ್'. ಎರಡೂವರೆ ಗಂಟೆ ಎಂದಿಟ್ಟುಕೊಂಡರೂ 13,500 ಅಡಿ. ಅಂದಿನ ಕಟ್ಟಳೆಯಂತೆ 2,500 ಅಡಿ ಕತ್ತರಿಸಬೇಕು. ಯಾವ ಭಾಗ ಕತ್ತರಿಸುವುದು ಎಂಬ ಜಗಳ ಗಂಟೆ ಹೊಡೆದ ಮೇಲೂ ನಡೆದಿತ್ತು.