ಎದುರು ಮನೆಯ ಮೇಷ್ಟ್ರು

ಭದ್ರಾವತಿ
ಜೂನ್ 26

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಜ್ಜ, 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡೀತು. ನಮ್ಮಲ್ಲಿ ಯಾವತ್ತೂ ಹಾಗಾಗಲಿಲ್ಲ ಅಲ್ವಾ?" ಅಂತ. ಹೂಂ ಅಂದು ಫೋನಿಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿದಾಗ ನಮ್ಮ ಬೀದಿಗೆ ಒಬ್ಬ ಸೈನಿಕನೂ ಬರಲಿಲ್ಲ. ಕಬ್ಬಿಣದ ಕಾರ್ಖಾನೆಯ ಸೈರನ್ ಹೊತ್ತಿಗೆ ಸರಿಯಾಗಿ ಕೂಗಿತು, ನಾನು ಸೈಕಲ್ ಹತ್ತಿ ಪಾಳಿಗೆ ಹೋದೆ. ಚಹಾ ಕುಡೀತಾ ಸರ್ಕಾರವನ್ನು ಬೈಯುತ್ತಿದ್ದವರು ಮಾತ್ರ ಮಳೆ, ಬೆಳೆ ಅಂತ ಮಾತಾಡತೊಡಗಿದರು. ಪತ್ರಿಕೆ ಸೆನ್ಸಾರ್ ಆಗಿ ಬರುತ್ತಿತ್ತು. ಸುದ್ದಿ ಬೇಕಾದವರು ರಾತ್ರಿ ದನಿ ಸಣ್ಣಗೆ ಮಾಡಿ ಬಿಬಿಸಿ ಹಾಕುತ್ತಿದ್ದರು.

ಎದುರು ಮನೆಯ ಮೇಷ್ಟ್ರನ್ನು ಒಂದು ಬೆಳಗಿನ ಜಾವ ಕರೆದೊಯ್ದರು. ಮೀಸಾ ಕಾಯಿದೆ. ಯಾಕೆ ಹಿಡಿದೆವು, ಎಂದು ಬಿಡುತ್ತೇವೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅವರ ಹೆಂಡತಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ನೀನು ಕಾನೂನು ಓದುವವಳು, ಇದು ನಿನಗೇ ಚೆನ್ನಾಗಿ ಗೊತ್ತು. ಬಂಧನ ಕಾನೂನುಬದ್ಧವೋ ಅಲ್ಲವೋ ಎಂದು ಕೇಳುವ ಹಕ್ಕು ಉಳಿದಿದೆ ಅಂತ ಹಲವು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನೂ ಮುಚ್ಚಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತಪ್ಪು ತೀರ್ಪನ್ನು ಅದೇ ಕೋರ್ಟು ಅಳಿಸಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಬೇಕಾಯಿತು.

ಅಷ್ಟು ಕಾಲ ಕಾಯಲು ಸ್ನೇಹಲತಾ ರೆಡ್ಡಿ ಅವರಿಗೆ ಆಗಲಿಲ್ಲ. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿ ಅವರನ್ನು ನೀನೂ ನೋಡಿದ್ದೀ. 1976ರ ಮೇನಲ್ಲಿ ಹಿಡಿದು ಬೆಂಗಳೂರು ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ. ಮರುವರ್ಷ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ವಾರ ತುಂಬುವ ಮೊದಲೇ, 20ನೇ ತಾರೀಖು ಹೋಗಿಬಿಟ್ಟರು.

ಶಿವಮೊಗ್ಗದ ಹಳೇ ಜೈಲಿನ ಜಾಗ ಈಗ ಅಲ್ಲಮಪ್ರಭು ಮೈದಾನ. ಫ್ರೀಡಂ ಪಾರ್ಕ್ ಅಂದರೇ ಆಟೋದವರಿಗೆ ಗೊತ್ತಾಗುವುದು. ಮುಂದೆ ಮುಖ್ಯಮಂತ್ರಿಯಾದ ಯಡಿಯೂರಪ್ಪನವರನ್ನೂ ಆಗ ಶಿವಮೊಗ್ಗ, ಬಳ್ಳಾರಿ ಜೈಲುಗಳಲ್ಲಿ ಇಟ್ಟಿದ್ದರು. ಕಳೆದ ವಾರ ಆ ಮೈದಾನದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಹುಡುಗರು ಆಡುತ್ತಿದ್ದರು.

ಸೇನೆ ಬಂದಾಗ ಮ್ಯಾನ್ಮಾರಿನ ಜನ ರಾತ್ರಿ ಮನೆಮನೆಯಲ್ಲೂ ಪಾತ್ರೆ ಬಡಿದರಂತೆ. ನಮ್ಮ ಓಣಿಯಲ್ಲಿ ಕೇಳಿಸಿದ್ದು ಅಗುಳಿ ಹಾಕುವ ಸದ್ದು. ಅದರಲ್ಲಿ ನಮ್ಮನೆಯದೂ ಒಂದು. ಇದನ್ನು ಬರೆಯಲಿಕ್ಕೆಂದೇ ಕಾಗದ ಹಿಡಿದೆ ಪುಟ್ಟಿ. ಕೆಲಸ ಹೋದೀತು, ಮನೆಯಲ್ಲಿ ಕೂಸಿದೆ ಅಂತ ಕಾರಣಗಳಿದ್ದವು. ಕಾರಣ ಯಾರಿಗಿರಲಿಲ್ಲ? ಓಣಿ ಹತ್ತು ಹೆಜ್ಜೆ ಅಗಲ. ಮೇಷ್ಟ್ರು ಒಳಗಿದ್ದಷ್ಟು ದಿನವೂ ಅದನ್ನು ದಾಟಿ "ಹೇಗಿದ್ದೀರಿ ಅಮ್ಮಾ" ಅಂತ ಕೇಳಲಿಲ್ಲ.

1977ರಲ್ಲಿ ಮೇಷ್ಟ್ರು ಬಂದರು, ಅರ್ಧ ಆಗಿದ್ದರು. ನಾನು ಸೈಕಲ್ ಇಳಿದೆ. "ಪಾಳಿ ಮುಗೀತಾ?" ಅಂದರು, ಎಂದಿನ ಹಾಗೆ. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಜ್ಜ